ಸ್ಟಟ್‌ಗಾರ್ಟಿನಲ್ಲಿ ನನ್ನ ಗುಡಿಸುವ ವಾರ

ವೆಸ್ಟ್ ವಿಂಡ್ಸರ್, ನ್ಯೂಜೆರ್ಸಿ

ಯುರೋಪಿಗೆ ಹೋಗಿ ಬಂದವರು ಅರಮನೆ, ಚರ್ಚು, ಸೇತುವೆಗಳ ಫೋಟೊ ತೋರಿಸುತ್ತಾರೆ. ನನ್ನ ಫೋನಿನಲ್ಲಿರುವುದು ಒಂದು ಮೆಟ್ಟಿಲ ಸಾಲು, ಎರಡು ಬಕೆಟ್ಟು, ಒಂದು ಪೊರಕೆ. ಜರ್ಮನಿಯಲ್ಲಿ ಒಂದು ವಾರವಿದ್ದು ನಾನು ಕಣ್ತುಂಬ ನೋಡಿದ್ದು ಇಷ್ಟನ್ನೇ. ಆದರೂ ಇಷ್ಟು ಎದೆಯುಬ್ಬಿಸಿಕೊಂಡು ನಾನು ಯಾವ ಪ್ರವಾಸದಿಂದಲೂ ಮನೆಗೆ ಮರಳಿದವನಲ್ಲ.

ಹೋಗಬೇಕಾಗಿ ಬಂದದ್ದು ಮಗಳ ಕೈ ಮುರಿದದ್ದರಿಂದ. ಅನಘಾ ಸ್ಟಟ್‌ಗಾರ್ಟಿನಲ್ಲಿ ಬ್ಯಾಟರಿಗಳ ಮೇಲೆ ಸಂಶೋಧನೆ ಮಾಡುತ್ತಾಳೆ. ಟ್ರಾಮಿನಿಂದ ಇಳಿಯುವಾಗ ಜಾರಿ ಬಿದ್ದು ಬಲಗೈ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದಳು. ನನ್ನ ಹೆಂಡತಿ ಸುಮಿತ್ರಾಗೆ ಐಸೆಲಿನ್‌ನ ಔಷಧಿ ಅಂಗಡಿಯಲ್ಲಿ ರಜೆ ಸಿಗಲಿಲ್ಲ. ನಾನು ಇಪ್ಪತ್ತೇಳು ವರ್ಷ ಮ್ಯಾನ್‌ಹಟನ್ನಿಗೆ ರೈಲಿನಲ್ಲಿ ಓಡಾಡಿ, ಹೋದ ವರ್ಷ ನಿವೃತ್ತನಾದವನು. ಹೀಗಾಗಿ ಅಡುಗೆ ಬಾರದ, ಜರ್ಮನ್ ಬಾರದ, ಬೆನ್ನು ಮಾತ್ರ ಸ್ವಲ್ಪ ಗಟ್ಟಿಯಿರುವ ನಾನೇ ಹೊರಡುವುದೆಂದಾಯಿತು.

ಹೊರಡುವ ಹಿಂದಿನ ದಿನ ಸೂಟ್‌ಕೇಸಿಗೆ ಸಾರಿನ ಪುಡಿ ತುಂಬುತ್ತಿದ್ದಾಗ ಅನಘಾಳ ಫೋನು ಬಂತು. ಇಲ್ಲೇ ಹುಟ್ಟಿದ ಅವಳು ಮಾತನ್ನು ಕನ್ನಡದಲ್ಲಿ ಶುರುಮಾಡಿ ಇಂಗ್ಲಿಷಿನಲ್ಲಿ ಮುಗಿಸುವವಳು.

"ಅಪ್ಪಾ, ಅಡುಗೆ ಚಿಂತೆ ಬಿಡು, ಐ ವಿಲ್ ಮ್ಯಾನೇಜ್. ಬರೋ ವಾರ ನನ್ನ ಗುಡಿಸೋ ವಾರ. ಅದನ್ನ ನೀನು ಮಾಡ್ಬೇಕು. ದಿಸ್ ಈಸ್ ಸೀರಿಯಸ್."

ವಿಷಯ ಏನೆಂದರೆ, ಆ ಊರಿನ ಹಳೆಯ ಮನೆಗಳಲ್ಲಿ ಮೆಟ್ಟಿಲು ಗುಡಿಸಲು ಆಳಿಲ್ಲ, ಕಂಪನಿಯಿಲ್ಲ. ಅನಘಾ ಇರುವ ಕಟ್ಟಡದಲ್ಲಿ ಎಂಟು ಸಂಸಾರ. ವಾರಕ್ಕೊಂದು ಸಂಸಾರದ ಸರದಿ. ಸರದಿ ಬಂದವರ ಬಾಗಿಲಿಗೆ ಒಂದು ಪುಟ್ಟ ಮರದ ಹಲಗೆ ನೇತುಬೀಳುತ್ತದೆ. ಆ ವಾರ ಮೆಟ್ಟಿಲು, ಹೊಸ್ತಿಲು, ಮನೆಯ ಮುಂದಿನ ಕಾಲುದಾರಿ ಎಲ್ಲ ಅವರದೇ ಜವಾಬ್ದಾರಿ. ಅನಘಾ ಲ್ಯಾಬಿನ ಕೆಲಸದಲ್ಲಿ ಮುಳುಗಿ ಒಮ್ಮೆ ಸರದಿ ತಪ್ಪಿಸಿದ್ದಳು. ಮನೆಯ ಒಡತಿ ಕೆಳಮಹಡಿಯಲ್ಲೇ ಇರುವವರು. ಒಂದು ವರ್ಷದ ಕರಾರು ಫೆಬ್ರುವರಿ ಕೊನೆಗೆ ಮುಗಿಯುತ್ತಿತ್ತು. ಮುಂದುವರಿಸುತ್ತೀರಾ ಎಂದು ಅನಘಾ ಕೇಳಿದ್ದಕ್ಕೆ, "ನಿನ್ನ ವಾರ ಕಳೆಯಲಿ, ನೋಡೋಣ" ಎಂದಿದ್ದರಂತೆ.

ಸುಮಿತ್ರಾ ಧಾರವಾಡದವಳು. ಇದನ್ನೆಲ್ಲ ಕೇಳಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಏನ್ರೀ, ಕಸಬರಿಗಿ ಯಾವ ಕಡಿಂದ ಹಿಡೀತಾರ ಅಂತರೇ ಗೊತ್ತದ ಏನ್ ನಿಮಗ? ಈ ಮನ್ಯಾಗ ವ್ಯಾಕ್ಯೂಮ್ ಸುದ್ದಾ ನಾನೇ ಮಾಡೀನಿ."

"ಇಂಜಿನಿಯರ್ ಕಣೇ ನಾನು. ಪೊರಕೆ ಏನ್ ಮಹಾ?" ಎಂದೆ.

ಇನ್ನೊಂದು ಮಾತನ್ನು ಅವಳಿಗೆ ಹೇಳಲಿಲ್ಲ, ಇಲ್ಲಿ ಹೇಳಿಬಿಡುತ್ತೇನೆ. ಆ ಮನೆ ಕೈತಪ್ಪಿದರೆ ಮಗಳು ಬೇಸತ್ತು ನ್ಯೂಜೆರ್ಸಿಗೆ ವಾಪಸು ಬರಬಹುದಲ್ಲ ಎಂದು ನನ್ನ ಮನಸ್ಸಿನ ಒಂದು ಮೂಲೆ ಲೆಕ್ಕ ಹಾಕುತ್ತಿತ್ತು. ಇಲ್ಲಿ ಒಳ್ಳೆಯ ಕೆಲಸವಿತ್ತು, ಮನೆಯಲ್ಲಿ ಅವಳ ಕೋಣೆ ಇನ್ನೂ ಹಾಗೇ ಇತ್ತು. ಅದನ್ನೆಲ್ಲ ಬಿಟ್ಟು ಅಷ್ಟು ದೂರ ಹೋದದ್ದೇಕೆ ಎಂಬುದು ಮೂರು ವರ್ಷವಾದರೂ ನನಗೆ ಅರಗಿರಲಿಲ್ಲ.

ಸೋಮವಾರ, ಸ್ಟಟ್‌ಗಾರ್ಟ್

ಊರು ಬಟ್ಟಲಿನಂತಿದೆ, ಮನೆಗಳೆಲ್ಲ ಅಂಚಿನ ಗುಡ್ಡಗಳ ಮೇಲೆ. ಅನಘಾಳ ಬೀದಿಯೂ ಕಡಿದಾದ ಇಳಿಜಾರು. ಅವಳಿರುವ ಮೂರನೇ ಮಹಡಿಗೆ ಲಿಫ್ಟಿಲ್ಲ. ಸೂಟ್‌ಕೇಸ್ ಎಳೆದುಕೊಂಡು ಏದುಸಿರು ಬಿಡುತ್ತ ಹತ್ತುವಾಗ ಮೂವರು ಎದುರಾದರು. ಮೂವರೂ ನಿಂತು "ಗ್ರೂಸ್ ಗಾಟ್" ಎಂದು ನಮಸ್ಕಾರ ಹೇಳಿದರು, ನಾನು ತಿರುಗಿ ಹೇಳುವವರೆಗೂ ಅಲ್ಲಾಡಲಿಲ್ಲ. ವೆಸ್ಟ್ ವಿಂಡ್ಸರಿನ ನಮ್ಮ ಬೀದಿಯಲ್ಲಿ ಗ್ಯಾರೇಜಿನ ಬಾಗಿಲು ತೆರೆಯುತ್ತದೆ, ಕಾರು ಒಳಗೆ ಹೋಗುತ್ತದೆ, ಬಾಗಿಲು ಮುಚ್ಚುತ್ತದೆ. ಹನ್ನೊಂದು ವರ್ಷದಿಂದ ಪಕ್ಕದ ಮನೆಯವನ ಕಾರಿನ ಗುರುತು ನನಗಿದೆ, ಮುಖದ ಗುರುತು ಅಷ್ಟಕ್ಕಷ್ಟೆ.

ಅನಘಾಳ ಬಾಗಿಲಲ್ಲಿ ಹಲಗೆ ಆಗಲೇ ನೇತಾಡುತ್ತಿತ್ತು. ಅದನ್ನು ನೇತುಹಾಕಿದ ಮನೆಯೊಡತಿಯ ಹೆಸರು ಫ್ರಾವ್ ಬ್ರೆಂಡ್ಲೆ, ಎಂದರೆ ಶ್ರೀಮತಿ ಬ್ರೆಂಡ್ಲೆ. ನನ್ನ ಬಾಯಲ್ಲಿ ಸಂಜೆಯೊಳಗೆ ಅವರು ಬ್ರೆಂಡ್ಲಮ್ಮ ಆದರು. ವಯಸ್ಸು ಎಪ್ಪತ್ತೆಂಟು, ನೇರ ಬೆನ್ನು, ಮುಖದಲ್ಲಿ ನಗುವಿನ ಸುಳಿವಿಲ್ಲ. ನನ್ನ ಕೈ ಕುಲುಕಿ, ಹಲಗೆಯ ಕಡೆ ಬೆರಳು ತೋರಿಸಿ, "ಶನಿವಾರದೊಳಗೆ" ಎಂದರು; ಕನ್ನಡಕ್ಕೆ ತಂದವಳು ಅನಘಾ. ಅಷ್ಟೇ ಪರಿಚಯ.

ಗುರುವಾರದವರೆಗೆ

ಮೂರು ದಿನ ಸುಮ್ಮನೆ ಆ ಮನೆಯವರ ರೀತಿ ನೋಡಿದೆ. ಎರಡನೇ ಮಹಡಿಯಲ್ಲಿ ವೆರ್ನರ್ ಎಂಬ ನ್ಯಾಯಾಧೀಶರಿದ್ದರು. ಕೋರ್ಟಿನಿಂದ ಬಂದವರು ಕೋಟು ತೆಗೆದು ಕಸದ ಡಬ್ಬಗಳನ್ನು ಬೀದಿಯಿಂದ ಹಿತ್ತಲಿಗೆ ಎಳೆದುಕೊಂಡು ಹೋದರು. ಅವರ ಇಂಗ್ಲಿಷು ಚೆನ್ನಾಗಿತ್ತು. ಬಿಟ್ಟೇನೆಯೇ? ಕೇಳಿಯೇಬಿಟ್ಟೆ.

"ನೀವು ಜಡ್ಜು. ನಿಮ್ಮ ಸರದೀನ ದುಡ್ಡು ಕೊಟ್ಟು ಯಾರ ಕೈಲಾದ್ರೂ ಮಾಡಿಸಬಹುದಲ್ಲ?"

"ಮಾಡಿಸಬಹುದು," ಎಂದರು ವೆರ್ನರ್. "ಆದರೆ ಆಮೇಲೆ ಮೆಟ್ಟಿಲ ಮೇಲೆ ಸಿಕ್ಕಾಗ ಇವರ ಮುಖ ನೋಡೋದು ಹೇಗೆ?"

ಆ ರಾತ್ರಿ ಊಟ ಮಾಡುವಾಗ ಮೈಸೂರಿನ ನಮ್ಮ ಮನೆಯ ಕೆಂಪಮ್ಮನ ನೆನಪಾಯಿತು. ನಾನು ಹುಡುಗನಾಗಿದ್ದಾಗಿಂದ ಮದುವೆಯಾಗುವವರೆಗೆ ನಮ್ಮ ಮನೆಯ ಅಂಗಳ, ಮೆಟ್ಟಿಲು, ಹಜಾರ ಎಲ್ಲವನ್ನೂ ಶುದ್ಧವಾಗಿಟ್ಟವಳು ಅವಳು. ಅವಳು ಗುಡಿಸುತ್ತ ಬಂದಾಗ ನಾನು ಪುಸ್ತಕದಿಂದ ಕಣ್ಣು ತೆಗೆಯದೆ ಕಾಲು ಮಾತ್ರ ಎತ್ತುತ್ತಿದ್ದೆ. ಅವಳ ಕಾಫಿಯ ಲೋಟ ಬೇರೆ ಇತ್ತು, ಹಿತ್ತಲ ಗೂಡಿನಲ್ಲಿ. ಇಲ್ಲಿ ನ್ಯಾಯಾಧೀಶ ಗುಡಿಸುತ್ತಾನೆ, ಗುಡಿಸಿದವನನ್ನು ಎಲ್ಲರೂ ನಿಂತು ಮಾತಾಡಿಸುತ್ತಾರೆ. ನನಗೆ ನಾಚಿಕೆಯಾಯಿತು.

ಯುರೋಪಿನವರು ಸಮಾನತೆಯ ಬಗ್ಗೆ ದೊಡ್ಡ ದೊಡ್ಡ ಮಾತಾಡುತ್ತಾರೆಂದು ಓದಿದ್ದೆ. ನನಗದು ಅರ್ಥವಾದದ್ದು ಕಸದ ಡಬ್ಬ ಎಳೆಯುವ ಜಡ್ಜನ್ನು ನೋಡಿದಾಗ. ಅವರಲ್ಲೂ ದುಡ್ಡಿನ ಹೆಚ್ಚು ಕಡಿಮೆ ಇದೆ, ಒಳಗೊಳಗೆ ಜಗಳವೂ ಇದೆ. ಮೊದಲ ಮಹಡಿಯವರ ಸೈಕಲ್ಲಿನ ಬಗ್ಗೆ ನಾಲ್ಕನೇ ಮಹಡಿಯವರು ಗೋಡೆಗೆ ಚೀಟಿ ಅಂಟಿಸಿದ್ದರು. ಆದರೆ ಮೆಟ್ಟಿಲು ಎಲ್ಲರದೂ, ಕಸವೂ ಎಲ್ಲರದು.

ಶುಕ್ರವಾರ

ಶುಕ್ರವಾರವೆಂದರೆ ನಮ್ಮಲ್ಲಿ ತೊಳೆಯುವ ದಿನ. ಅನಘಾ ಲ್ಯಾಬಿಗೆ ಹೊರಟ ಮೇಲೆ ಪಂಚೆ ಎತ್ತಿಕಟ್ಟಿದೆ. ಸುಮಿತ್ರಾಗೆ ಫೋನು ಹಚ್ಚಿ, ವಿಡಿಯೊ ಆನ್ ಮಾಡಿ, ಪೊರಕೆ ತೋರಿಸಿದೆ. ನ್ಯೂಜೆರ್ಸಿಯಲ್ಲಿ ಆಗ ಬೆಳಗಿನ ಏಳು ಗಂಟೆ. ಇಲ್ಲಿನ ಪೊರಕೆ ಉದ್ದ ಕೋಲಿನ ಬ್ರಷ್ಷು, ನನ್ನ ಕೈಗೆ ಒಗ್ಗಲೇ ಇಲ್ಲ.

"ಪೊರಕೇನೇ ಸರಿಯಿಲ್ಲ ಕಣೇ," ಎಂದೆ.

"ಕುಣೀಲಿಕ್ಕೆ ಬರದಾಕಿ ನೆಲ ಡೊಂಕ ಅಂದ್ಳಂತ," ಎಂದಳು ಅವಳು. "ನನಗ ಕೆಲಸಕ್ಕ ಹೊತ್ತಾತು. ಛಂದಗೆ ಮಾಡ್ರಿ."

ಛಂದಗೆ ಮಾಡಬೇಕೆಂಬ ಹಟವೇ ಮುಳುವಾಯಿತು. ಬರಿದೆ ಗುಡಿಸಿದರೆ ಏನು ಮಹಾ, ಮೈಸೂರಿನ ರೀತಿ ತೊಳೆದೇಬಿಡೋಣ ಎನ್ನಿಸಿತು. ಎರಡು ಬಕೆಟ್ ನೀರು ತುಂಬಿ, ಸೋಪಿನ ಪುಡಿ ಕದಡಿ, ಮೂರನೇ ಮಹಡಿಯಿಂದ ಧಾರಾಳವಾಗಿ ಸುರಿದೆ. ಮತ್ತೆರಡು ಬಕೆಟ್ ತಂದೆ. ನೀರು ಮೆಟ್ಟಿಲಿಂದ ಮೆಟ್ಟಿಲಿಗೆ ಧುಮುಕುತ್ತ ಹೋಗುವುದನ್ನು ನೋಡಿ, ಪೊರಕೆಯಿಂದ ಅದನ್ನು ಇನ್ನಷ್ಟು ಕೆಳಕ್ಕೆ ನೂಕುತ್ತ ಎರಡನೇ ಮಹಡಿಗೆ ಬಂದೆ. ಅಲ್ಲಿ ನನಗೊಂದು ಸಂಶಯ ಬಂತು. ನಮ್ಮ ಮನೆಗಳಲ್ಲಿ ತೊಳೆದ ನೀರು ಹೋಗಲು ಮೂಲೆಯಲ್ಲೊಂದು ತೂಬು ಇರುತ್ತದೆ. ಇಲ್ಲಿ ತೂಬು ಎಲ್ಲಿ?

ಇರಲಿಲ್ಲ. ಮೆಟ್ಟಿಲು ಮರದ್ದು, ಮೇಣ ಉಜ್ಜಿ ಹೊಳಪು ಕೊಟ್ಟದ್ದು. ಮೇಲಿನ ಮೂರು ಮಹಡಿಯ ನೀರೆಲ್ಲ ಕೆಳಗೆ ಬ್ರೆಂಡ್ಲಮ್ಮನ ಬಾಗಿಲಲ್ಲಿ ಸಭೆ ಸೇರಿತ್ತು. ಅವರ ಕಾಲೊರಸು ತೇಲುತ್ತಿತ್ತು. ಬಾಗಿಲು ತೆರೆದ ಬ್ರೆಂಡ್ಲಮ್ಮ ನೀರನ್ನು ನೋಡಿದರು, ನನ್ನ ಪಂಚೆಯನ್ನು ನೋಡಿದರು.

"ವಾಸ್ಸರ್?" ಎಂದರು. ನೀರು ಎಂದರ್ಥ. ಅಷ್ಟು ಜರ್ಮನ್ ನನಗೂ ಗೊತ್ತಿತ್ತು.

ಮನೆಯಲ್ಲೇ ಇದ್ದ ವೆರ್ನರ್ ಸದ್ದು ಕೇಳಿ ಓಡಿಬಂದರು. "ಇದು ನೂರು ವರ್ಷದ ಮರ. ನೀರು ಕುಡಿದರೆ ಊದಿಕೊಳ್ಳುತ್ತೆ. ಬೇಗ, ಬೇಗ!" ಎಂದು ಟವೆಲುಗಳನ್ನು ತಂದರು. ನಾನು ಕ್ಷಮೆ ಕೇಳುತ್ತ ನಿಂತಿದ್ದಾಗ ಬ್ರೆಂಡ್ಲಮ್ಮ ಮಂಡಿಯೂರಿ ಒರೆಸತೊಡಗಿದರು. ಎಪ್ಪತ್ತೆಂಟರ ಆ ಹೆಂಗಸು ಬಗ್ಗಿದ್ದನ್ನು ನೋಡಿ ನಾನೂ ಮಂಡಿಯೂರಿದೆ. ಹೀಗೆ ಒಬ್ಬ ನ್ಯಾಯಾಧೀಶ, ಒಬ್ಬ ಮನೆಯೊಡತಿ, ಒಬ್ಬ ಅಪರಾಧಿ ಮೂವರೂ ಮೂರು ಮೆಟ್ಟಿಲ ಮೇಲೆ ನೀರು ಹಿಂಡಿದೆವು.

ನೀರೆಲ್ಲ ಒರೆಸಿ ಮುಗಿದ ಮೇಲೆ ಬ್ರೆಂಡ್ಲಮ್ಮ ನನಗೆ ಪಾಠ ಶುರುಮಾಡಿದರು, ಕೈಸನ್ನೆಯಲ್ಲೇ. ಮೊದಲು ಒಣ ಬ್ರಷ್ಷು, ಮೂಲೆಯಿಂದ ಅಂಚಿಗೆ. ಆಮೇಲೆ ಒದ್ದೆ ಬಟ್ಟೆ, ಹಿಂಡಿದರೆ ಹನಿ ಬೀಳಬಾರದು. ಆಮೇಲೆ ಒಣ ಬಟ್ಟೆ, ಕೊನೆಗೆ ಮೇಣ. ಒಂದೇ ಮೆಟ್ಟಿಲನ್ನು ನನ್ನ ಕೈಯಲ್ಲಿ ನಾಲ್ಕು ಸಲ ಮಾಡಿಸಿದರು. ಸಂಜೆಯ ಹೊತ್ತಿಗೆ ಅಷ್ಟೂ ಮೆಟ್ಟಿಲು ಮುಗಿದವು. ಸೊಂಟ ನನ್ನದೇ ಎಂಬ ನಂಬಿಕೆ ಉಳಿದಿರಲಿಲ್ಲ. ನೆಟ್ಟಗೆ ನಿಂತು, "ಸರಿಹೋಯಿತೇ?" ಎಂಬಂತೆ ನೋಡಿದೆ. ಬ್ರೆಂಡ್ಲಮ್ಮ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ, ಒಳಗೆ ಹೋದರು.

ಅನಘಾಗೆ ಸುದ್ದಿ ಮೆಟ್ಟಿಲಲ್ಲೇ ಸಿಕ್ಕಿತ್ತು. ಒಳಗೆ ಬಂದು ಬ್ಯಾಗನ್ನೂ ಇಳಿಸದೆ ಕೇಳಿದಳು.

"ಅಪ್ಪಾ, ಡಿಡ್ ಯೂ ಡೂ ಇಟ್ ಆನ್ ಪರ್ಪಸ್?"

ಬೇಕೆಂದೇ ಮಾಡಿದೆಯಾ ಎಂದು ಕೇಳಿದ್ದಳು. ಸಿಟ್ಟಿನಿಂದ ಕೇಳಿದ್ದರೆ ನಾನೂ ಕೂಗಾಡಿ ಪಾರಾಗುತ್ತಿದ್ದೆ. ಮೆಲ್ಲಗೆ ಕೇಳಿದ್ದಳು.

"ಬೇಕಂತ ಮಾಡ್ಲಿಲ್ಲ ಮಗಳೇ, ದೇವ್ರಾಣೆ. ಆದ್ರೆ ನೀನು ವಾಪಸ್ ಬಂದ್ರೆ ಚೆನ್ನಾಗಿರುತ್ತೆ ಅಂತ ಒಳಗೊಳಗೇ ಆಸೆ ಇದ್ದಿದ್ದು ನಿಜ."

ಅವಳು ಪ್ಲಾಸ್ಟರಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. "ಮೂರು ವರ್ಷದಲ್ಲಿ ಇದು ನನ್ನ ಆರನೇ ಅಡ್ರೆಸ್ ಅಪ್ಪಾ. ಎಲ್ಲಾ ಕಡೆ ತುಂಬಾ ಪೊಲೈಟ್ ಆಗಿದ್ರು. ಬಟ್ ಐ ವಾಸ್ ಎ ಗೆಸ್ಟ್. ಇಲ್ಲಿ ಮಾತ್ರ ಬಂದ ಮೊದಲನೇ ವಾರವೇ ನನ್ನ ಕೈಗೆ ಪೊರಕೆ ಕೊಟ್ರು. ನೆಂಟರ ಕೈಗೆ ಯಾರೂ ಪೊರಕೆ ಕೊಡಲ್ಲ ಅಲ್ವಾ?"

ನಾನು ನ್ಯೂಜೆರ್ಸಿಗೆ ಬಂದ ಮೊದಲ ವರ್ಷಗಳಲ್ಲಿ ನಮ್ಮಪ್ಪ ಪ್ರತಿ ಪತ್ರದಲ್ಲೂ ಯಾವಾಗ ವಾಪಸ್ಸು ಎಂದು ಕೇಳುತ್ತಿದ್ದರು. ಆ ಪ್ರಶ್ನೆ ಓದಿ ನಾನು ಪಟ್ಟ ಸಂಕಟ ಚೆನ್ನಾಗಿ ನೆನಪಿದ್ದೂ ಅದೇ ಪ್ರಶ್ನೆಯನ್ನು ಹೊತ್ತುಕೊಂಡು ಬಂದಿದ್ದೆ. ಆ ಮನೆ ಇವಳಿಗೆ ಉಳಿಯಲೇಬೇಕು ಎಂದು ನನಗೆ ಅನ್ನಿಸಿದ್ದು ಆಗ, ಅದೂ ನಾನೇ ಕೈಯಾರೆ ಕೆಡಿಸಿದ ಮೇಲೆ.

ಶನಿವಾರ

ಬೆಳಗ್ಗೆ ಆರಕ್ಕೆ ಎಚ್ಚರವಾಯಿತು. ಬೀದಿಯ ಸದ್ದೆಲ್ಲ ಮೆತ್ತಗಾಗಿತ್ತು. ನ್ಯೂಜೆರ್ಸಿಯಲ್ಲಿ ಅಷ್ಟು ಚಳಿಗಾಲ ಕಳೆದವನಿಗೆ ಇದರ ಅರ್ಥ ಗೊತ್ತು. ಕಿಟಕಿ ತೆಗೆದೆ. ಗೇಣುದ್ದ ಹಿಮ ಬಿದ್ದಿತ್ತು.

ಅನಘಾ ಎದ್ದು ಬಂದು ತಲೆಯ ಮೇಲೆ ಕೈಯಿಟ್ಟುಕೊಂಡಳು. "ಓ ಗಾಡ್. ಏಳು ಗಂಟೆಯೊಳಗೆ ಮುಂದಿನ ದಾರಿ ಕ್ಲಿಯರ್ ಆಗಿರ್ಬೇಕು. ಹಲಗೆ ಯಾರ ಹತ್ರ ಇದ್ಯೋ ಅವರೇ ಮಾಡ್ಬೇಕು."

"ಹಿಮ ತಾನೇ?" ಎಂದೆ. ನನಗೆ ಒಳಗಿಂದ ಖುಷಿ ಉಕ್ಕಿತು. ಗುಡಿಸಲು ಬಾರದು, ಒರೆಸಲು ಬಾರದು, ಒಪ್ಪಿದೆ. ಆದರೆ ಹಿಮ ತೆಗೆಯುವುದರಲ್ಲಿ ನನ್ನನ್ನು ಮೀರಿಸುವವನು ವೆಸ್ಟ್ ವಿಂಡ್ಸರಿನ ನಮ್ಮ ಬೀದಿಯಲ್ಲೇ ಇಲ್ಲ. ಪ್ರಿನ್ಸ್‌ಟನ್ ಜಂಕ್ಷನ್ನಿನ ಬೆಳಗಿನ ರೈಲು ಹಿಡಿಯಲು ಕತ್ತಲಲ್ಲೇ ಎದ್ದು ಡ್ರೈವ್‌ವೇ ಶವೆಲ್ ಮಾಡಿದ ಕೈ ಇದು.

ನೆಲಮಾಳಿಗೆಯಲ್ಲಿ ಅಗಲವಾದ ಮರದ ಸಲಿಕೆ ಸಿಕ್ಕಿತು. ಹಿಮ ಒದ್ದೆಯಾಗಿತ್ತು, ಸಲಿಕೆಗೆ ಅಂಟುತ್ತಿತ್ತು. ಅದಕ್ಕೂ ನನ್ನ ಬಳಿ ಮದ್ದಿತ್ತು. ಅನಘಾಳ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟಿತ್ತು, ಅದನ್ನೇ ಅಂಗೈಯಲ್ಲಿ ತೆಗೆದು ಸಲಿಕೆಗೆ ಬಳಿದೆ. ಹಿಮ ಬೆಣ್ಣೆಯಂತೆ ಜಾರತೊಡಗಿತು. ಎತ್ತಬಾರದು, ತಳ್ಳಬೇಕು. ಸೊಂಟ ಬಗ್ಗಿಸಬಾರದು, ಮಂಡಿ ಬಗ್ಗಿಸಬೇಕು. ಆರೂ ಮುಕ್ಕಾಲಿಗೆ ನಮ್ಮ ಮನೆಯ ಮುಂದಿನ ದಾರಿ ಮುಗಿಯಿತು.

ವೆಸ್ಟ್ ವಿಂಡ್ಸರಿನಲ್ಲಾಗಿದ್ದರೆ ಅಲ್ಲಿಗೆ ನಿಲ್ಲಿಸುತ್ತಿದ್ದೆ. ನಮ್ಮ ಜಾಗದ ಗಡಿ ಮುಟ್ಟಿದ ಕೂಡಲೇ ಸಲಿಕೆ ಊರಿ ಒಳಗೆ ಹೋಗುವುದು ನನ್ನ ಹಳೆಯ ಅಭ್ಯಾಸ. ಇಲ್ಲಿ ಇಳಿಜಾರಿನ ಕೆಳಗೆ ಬ್ರೆಡ್ಡಿನ ಅಂಗಡಿಯಿತ್ತು, ಟ್ರಾಮ್ ನಿಲ್ದಾಣವಿತ್ತು. ಅಲ್ಲೇ ನನ್ನ ಮಗಳು ಜಾರಿ ಬಿದ್ದದ್ದು. ನಾನು ನಿಲ್ಲಿಸಲಿಲ್ಲ. ಒಂದು, ಎರಡು, ನಾಲ್ಕು ಮನೆ ದಾಟಿ ತಳ್ಳುತ್ತ ಹೋದೆ. ಆ ಮನೆಗಳವರು ಹೊರಬಂದು, ತಮ್ಮ ಸರದಿಯ ಕೆಲಸವನ್ನು ಅಪರಿಚಿತನೊಬ್ಬ ಮಾಡುವುದನ್ನು ಕಂಡು ಗಾಬರಿಯಾಗಿ ತಾವೂ ಸಲಿಕೆ ತಂದರು. ಅವರ ಸಲಿಕೆಗಳಿಗೂ ಕೊಬ್ಬರಿ ಎಣ್ಣೆ ಬಳಿದೆ. ಬೀದಿಯೆಲ್ಲ ನಮ್ಮಜ್ಜಿಯ ತಲೆಯ ಹಾಗೆ ಘಮಘಮಿಸಿತು.

ಒಂದೇ ಒಂದು ಎಡವಟ್ಟಾಯಿತು. ನ್ಯೂಜೆರ್ಸಿಯಲ್ಲಿ ಹಿಮ ತೆಗೆದ ಮೇಲೆ ಉಪ್ಪು ಎರಚದವರಿಲ್ಲ. ಅಡುಗೆ ಮನೆಯ ಉಪ್ಪಿನ ಪೊಟ್ಟಣ ತಂದು ಮೊದಲ ಹಿಡಿ ತೆಗೆಯುತ್ತಿದ್ದಂತೆ ಕಿಟಕಿಯಿಂದ ಬ್ರೆಂಡ್ಲಮ್ಮ ಕೂಗಿದರು. ಬಾಗಿಲಲ್ಲಿ ನಿಂತಿದ್ದ ಅನಘಾ ನಕ್ಕಳು.

"ಉಪ್ಪು ಬೇಡ್ವಂತೆ ಅಪ್ಪಾ. ಬೀದಿಯ ಮರಗಳ ಬೇರು ಸಾಯುತ್ತಂತೆ. ಅಲ್ಲಿ ಡಬ್ಬದಲ್ಲಿ ಜಲ್ಲಿಪುಡಿ ಇದೆ, ಅದನ್ನ ಹಾಕು."

ಉಪ್ಪು ಚೆಲ್ಲಿದರೆ ಯಮಲೋಕದಲ್ಲಿ ಕಣ್ಣಿನ ರೆಪ್ಪೆಯಿಂದ ಎತ್ತಬೇಕಾಗುತ್ತದೆ ಎಂದು ನಮ್ಮಜ್ಜಿ ಹೆದರಿಸುತ್ತಿದ್ದರು. ಬ್ರೆಂಡ್ಲಮ್ಮನೂ ಅದೇ ಬಳಗದವರೆಂದು ತಿಳಿದು ನನಗೆ ಸಮಾಧಾನವಾಯಿತು. ಜಲ್ಲಿಪುಡಿಯನ್ನೇ ಎರಚಿದೆ.

ಎಂಟು ಗಂಟೆಗೆ ಬ್ರೆಂಡ್ಲಮ್ಮ ಕೋಲೂರಿಕೊಂಡು ಹೊರಬಂದರು. ಇಳಿಜಾರಿನ ಆ ಕಪ್ಪು ದಾರಿಯಲ್ಲಿ ಒಂದೊಂದೇ ಹೆಜ್ಜೆಯಿಟ್ಟು ಅಂಗಡಿಯವರೆಗೆ ಹೋದರು. ನಾವೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಬ್ರೆಡ್ಡಿನ ಚೀಲ ಹಿಡಿದು, ಒಮ್ಮೆಯೂ ಜಾರದೆ, ಹತ್ತಿಕೊಂಡು ಬಂದರು. ನನ್ನ ಸಲಿಕೆಯನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. ಹುಬ್ಬೇರಿಸಿದರು. ಒಳಗೆ ಹೋದರು.

"ಏನೂ ಹೇಳಲೇ ಇಲ್ವಲ್ಲ!" ಎಂದು ನಾನು ಕೈಚೆಲ್ಲಿದೆ.

ವೆರ್ನರ್ ನನ್ನ ಬೆನ್ನು ತಟ್ಟಿದರು. "ನಮ್ಮ ಕಡೆ ಒಂದು ಗಾದೆಯಿದೆ. ಬೈಯದೆ ಬಿಟ್ಟರೆ ಅದೇ ಹೊಗಳಿಕೆ."

ಗಾದೆ ಅವರದ್ದು, ಪಾಲಿಸಿಕೊಂಡು ಬಂದವನು ನಾನು. ಅನಘಾಗೆ ಡಾಕ್ಟರೇಟ್ ಬಂದ ದಿನ ನಾನು ಕೇಳಿದ್ದು, "ಸರಿ, ಮುಂದೇನು?" ಅವಳು ಅಲ್ಲಿಗೇ ಫೋನಿಟ್ಟಿದ್ದಳು.

ಭಾನುವಾರ

ಭಾನುವಾರ ಆ ದೇಶದಲ್ಲಿ ಸದ್ದು ಮಾಡುವಂತಿಲ್ಲ. ಬಾಟಲಿ ಎಸೆಯುವಂತಿಲ್ಲ, ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಮಿಕ್ಸಿ ತಿರುಗಿಸಿದರೆ ಮಹಾಪರಾಧ. ನಾನು ಚಟ್ನಿಯ ಆಸೆ ಬಿಟ್ಟು ಮೊಸರನ್ನ ತಿಂದು ಕೂತೆ. ಅನಘಾ ಕರಾರಿನ ಮಾತೆತ್ತಲಿಲ್ಲ. ಆಗಾಗ ಬಾಗಿಲ ಕಡೆ ನೋಡುತ್ತಿದ್ದಳು.

ಸಂಜೆ ಆರಕ್ಕೆ ನಾವಿಬ್ಬರೂ ಹಲಗೆಯನ್ನು ತೆಗೆದು ವೆರ್ನರ್ ಮನೆಯ ಬಾಗಿಲಿಗೆ ನೇತುಹಾಕಲು ಇಳಿದೆವು. ಕೆಳಗೆ ಬ್ರೆಂಡ್ಲಮ್ಮ ಒಂದು ಕಾಗದ, ನಾಲ್ಕು ಪಿನ್ನು ಹಿಡಿದು ನಿಂತಿದ್ದು ಕಾಣಿಸಿತು. ಕಾಗದವನ್ನು ಗೋಡೆಗೆ ಚುಚ್ಚಿ, ನಮ್ಮತ್ತ ತಿರುಗಿಯೂ ನೋಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಹೋಗಿ ನೋಡಿದೆವು. ಮಾರ್ಚಿನಿಂದ ಮುಂದಿನ ಫೆಬ್ರುವರಿಯವರೆಗಿನ ಗುಡಿಸುವ ಸರದಿಯ ಪಟ್ಟಿ. ಅನಘಾ ಎಡಗೈ ಬೆರಳನ್ನು ಮೇಲಿಂದ ಕೆಳಕ್ಕೆ ಇಳಿಸುತ್ತ ಹೋದಳು. ಏಪ್ರಿಲ್‌ನಲ್ಲಿ ನಿಂತಳು. ಅಲ್ಲಿ ಅವಳ ಹೆಸರಿತ್ತು. ಜೂನ್‌ನಲ್ಲಿತ್ತು. ಆಗಸ್ಟ್, ಅಕ್ಟೋಬರ್, ಡಿಸೆಂಬರ್. ಮುಂದಿನ ಫೆಬ್ರುವರಿಯಲ್ಲೂ ಇತ್ತು, ಶಾಯಿಯಲ್ಲಿ, ದುಂಡಗಿನ ಹಳೆಯ ಕಾಲದ ಬರಹದಲ್ಲಿ.

"ಅಪ್ಪಾ," ಎಂದಳು. ಮುಂದಕ್ಕೆ ಕನ್ನಡವೂ ಬರಲಿಲ್ಲ, ಇಂಗ್ಲಿಷೂ ಬರಲಿಲ್ಲ.

ನಾನು ಅಲ್ಲೇ ಸುಮಿತ್ರಾಗೆ ಫೋನ್ ಹಚ್ಚಿದೆ. ಅಲ್ಲಿ ಮಧ್ಯಾಹ್ನ, ವಾರಾಂತ್ಯದ ಜನಜಂಗುಳಿ, ಅಂಗಡಿಯ ಗದ್ದಲ ಕೇಳಿಸುತ್ತಿತ್ತು.

"ಏನಾತ್ರೀ? ಲಗೂನ ಹೇಳ್ರಿ!"

"ನಿನ್ ಮಗಳಿಗೆ ವರ್ಷಪೂರ್ತಿ ಕಸ ಗುಡಿಸೋ ಕೆಲಸ ಸಿಕ್ತು ಕಣೇ!"

ಓಕ್ ಟ್ರೀ ರೋಡಿನ ಆ ಔಷಧಿ ಅಂಗಡಿಯಲ್ಲಿ ಅವಳು ಹೊಡೆದ ಕೇಕೆಗೆ ಗಿರಾಕಿಗಳೆಲ್ಲ ತಿರುಗಿ ನೋಡಿರಬೇಕು. "ಆಂಟಿ, ವಾಟ್ ಹ್ಯಾಪನ್ಡ್?" ಎಂದು ಯಾರೋ ಕೇಳಿದ್ದೂ, "ಪೇಡೆ ತರಸ್ತೀನಿ, ತಡೀರಿ!" ಎಂದು ಇವಳು ಹೇಳಿದ್ದೂ ನನಗೆ ಕೇಳಿಸಿತು. ಮಗಳು ಸಮುದ್ರದಾಚೆ ಇನ್ನೊಂದು ವರ್ಷ ಗುಡಿಸುತ್ತಾಳೆಂದು ಪೇಡೆ ಹಂಚಿದ ಸಂಸಾರ ನಮ್ಮದೊಂದೇ ಇರಬಹುದು.

ಫೋನಿಟ್ಟು ಅನಘಾಳ ಕಡೆ ತಿರುಗಿದೆ. ಡಾಕ್ಟರೇಟಿನ ದಿನ ಹೇಳಬೇಕಾಗಿದ್ದದ್ದನ್ನು ಈಗ ಹೇಳಿದೆ.

"ಶಭಾಷ್ ಮಗಳೇ. ಗೊತ್ತಿಲ್ಲದ ಊರಲ್ಲಿ, ಯಾರ ಸಹಾಯವೂ ಇಲ್ದೆ, ಒಂದು ಮನೆ ಮಾಡ್ಕೊಂಡೆ. ನನಗೆ ತುಂಬಾ ಹೆಮ್ಮೆ ಕಣೇ."

ಅವಳು ಓಡಿಬಂದು ತಬ್ಬಿಕೊಂಡಳು. ಪ್ಲಾಸ್ಟರಿನ ಕೈ ನನ್ನ ಬೆನ್ನಿಗೆ, ಮೊದಲೇ ನೋಯುತ್ತಿದ್ದ ಜಾಗಕ್ಕೆ, ಧಡ್ ಎಂದು ಬಿತ್ತು. "ಅಯ್ಯಯ್ಯೋ!" ಎಂದು ನಾನು ಕಿರುಚಿದೆ. ಅವಳಿಗೆ ನಗು ತಡೆಯಲಾಗಲಿಲ್ಲ, ನನಗೂ. ಆ ಹಳೆಯ ಮನೆಯ ಮೆಟ್ಟಿಲುಗಳ ಸಾಲಿನಲ್ಲಿ ನಮ್ಮ ನಗು ನಾಲ್ಕನೇ ಮಹಡಿಯವರೆಗೂ ಹೋಯಿತು.

ಬ್ರೆಂಡ್ಲಮ್ಮನ ಬಾಗಿಲು ಧಡಾರನೆ ತೆರೆಯಿತು. "ಭಾನುವಾರ!" ಎಂದು ಆರಂಭಿಸಿ, ಉಸಿರು ತೆಗೆದುಕೊಳ್ಳದೆ, ಸೊಂಟದ ಮೇಲೆ ಕೈಯಿಟ್ಟು, ಅಪ್ಪ ಮಗಳಿಬ್ಬರಿಗೂ ಸೇರಿಸಿ ಚೆನ್ನಾಗಿ ಬೈದರು. ಸ್ವಂತ ಮನೆಯವರಿಗೆ ಬೈದ ಹಾಗೆ ಬೈದರು.